ಒಂದೇ ಕೈಗೆ ಕಟ್ಟಿದ ಪೆಟ್ಟಿಗೆ

ವೆಲ್ಡಾ ಪ್ಯೂ ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚುವವರಿಗೆ ಬೆವರಿಳಿಯಬೇಕು. ಬಿಚ್ಚಿದ ಮೇಲೆ ಒಳಗಿನ ಪಿಂಗಾಣಿಗೆ ಒಂದು ಗೀರೂ ಬಿದ್ದಿರಬಾರದು. ಅರವತ್ತೊಂದು ವರ್ಷದ ಆ ಹೆಂಗಸಿಗೆ ಹೇಳಿಕೊಳ್ಳುವಂಥ ಹೆಮ್ಮೆ ಇದ್ದದ್ದು ಇದೊಂದೇ. ಉಳಿದ ವಿಷಯಗಳಲ್ಲಿ ಅವಳು ಸಾಧುಪ್ರಾಣಿ. ಪೆಟ್ಟಿಗೆಯ ವಿಷಯಕ್ಕೆ ಬಂದರೆ ಮಾತ್ರ ದೇವರು ಬಂದು ಹೇಳಿದರೂ ಕೇಳುವ ಜಾತಿಯಲ್ಲ.

ಓಹಾಯೋ ನದಿಯ ದಂಡೆಯ ಕಾಲ್ಡರ್ ಬೆಂಡಿನಲ್ಲಿ ಪಿಂಗಾಣಿ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಹದಿನೆಂಟು ತುಂಬಿದ ಹುಡುಗಿಯರಿಗೆ ಎರಡೇ ದಾರಿ. ಕೈ ನಡುಗದವರು ಬಣ್ಣದ ಕೋಣೆಗೆ, ಉಳಿದವರು ಪ್ಯಾಕಿಂಗಿಗೆ. ಅಕ್ಕ ಆರ್ಡಿತ್ ಬಣ್ಣದ ಕೋಣೆ ಸೇರಿದಳು. ತಿರುಗುವ ಗಾಲಿಯ ಮೇಲೆ ತಟ್ಟೆಯಿಟ್ಟು, ಉಸಿರು ಬಿಗಿಹಿಡಿದು, ಅಂಚಿನ ಸುತ್ತ ಚಿನ್ನದ ಗೆರೆ ಎಳೆಯುವ ಕೆಲಸ. ಅವಳ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಭೂತಗನ್ನಡಿ ಹಿಡಿದರೂ ತಿಳಿಯುತ್ತಿರಲಿಲ್ಲ. ಐದು ವರ್ಷದ ನಂತರ ವೆಲ್ಡಾ ಹೋಗಿ ಹುಲ್ಲು, ಕಾಗದ, ರಟ್ಟುಗಳ ನಡುವೆ ನಿಂತಳು. ಅಲ್ಲಿ ಬರ್ನೀಸ್ ಎಂಬ ಮೇಲ್ವಿಚಾರಕಿಯ ರಾಜ್ಯಭಾರ. ಪೆಟ್ಟಿಗೆಯ ಬಾಯಿಯ ಉದ್ದಕ್ಕೆ ಎರಡು ಪಟ್ಟಿ ಟೇಪು ಎಳೆದ ಮೇಲೆ ಅಡ್ಡಕ್ಕೆ ಮೂರನೆಯದು ಬೀಳಲೇಬೇಕು. ಮರೆತವರು ಆವತ್ತು ಕಟ್ಟಿದ ಅಷ್ಟೂ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟಬೇಕು. ವೆಲ್ಡಾ ಒಂದು ಸಲ ಮರೆತಳು. ಎರಡನೆಯ ಸಲ ಮರೆಯಲಿಲ್ಲ.

ಇಪ್ಪತ್ತೊಂಬತ್ತು ವರ್ಷದ ಮೇಲೆ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಊರಿನ ನೆಲಮಾಳಿಗೆಗಳಲ್ಲಿ ಅದರ ತಟ್ಟೆ ಬಟ್ಟಲುಗಳು ತುಂಬಿಕೊಂಡೇ ಇದ್ದವು. ಯಾರಾದರೂ ಮನೆ ಖಾಲಿ ಮಾಡುವಾಗ, ಚರ್ಚಿನವರು ಹಳೆ ಸಾಮಾನು ಮಾರುವಾಗ ವೆಲ್ಡಾ ಹೋಗಿ ಒಂದೊಂದೇ ಆಯ್ದು ತರುತ್ತಿದ್ದಳು. ಚಿತ್ರ ತೆಗೆದು ಆನ್‌ಲೈನಿನಲ್ಲಿ ಹಾಕುತ್ತಿದ್ದಳು. ಇಡೀ ಸೆಟ್ಟು ಬೇಕೆಂದು ಅವಳ ಹತ್ತಿರ ಯಾರೂ ಬರುವುದಿಲ್ಲ. ಅವಳ ಗಿರಾಕಿಗಳೆಲ್ಲ ಏನೋ ಒಂದನ್ನು ಒಡೆದುಕೊಂಡವರು. ಅಮ್ಮನ ಕಾಲದ ಸೆಟ್ಟಿನಲ್ಲಿ ಒಂದು ಬಸಿ ಕಡಿಮೆಯಾಯಿತು ಎಂದು ನಿದ್ದೆ ಬಾರದವರು. ಹದಿನಾಲ್ಕು ವರ್ಷದಿಂದ ಅಂಥವರನ್ನು ನೋಡಿ ನೋಡಿ ಅವಳಿಗೆ ಎಲ್ಲರ ಮೇಲೂ ಒಂದು ಬಗೆಯ ಕನಿಕರ ಬಂದುಬಿಟ್ಟಿತ್ತು.

ಆ ಗಿರಾಕಿಗಳ ಬೇಡಿಕೆಗಳೋ, ಒಂದೆರಡಲ್ಲ. ಆರೆಗಾನಿನ ಒಬ್ಬಾಕೆ, ಥರ್ಮಕೋಲು ಹಾಕಬೇಡಿ, ಅದರ ಕಿರಗುಟ್ಟುವಿಕೆಗೆ ಹಲ್ಲು ಜುಮ್ಮೆನ್ನುತ್ತದೆ ಎಂದಳು. ಇನ್ನೊಬ್ಬರು ಚಿಕ್ಕಂದಿನಲ್ಲೇ ಊರು ಬಿಟ್ಟವರು. ಸುತ್ತುವುದಾದರೆ ಅಲ್ಲಿಯ ಪತ್ರಿಕೆಯಲ್ಲೇ ಸುತ್ತಿ, ಮುದುರಿ, ಆದರೆ ಹರಿಯಬೇಡಿ, ಓದಬೇಕು ಎಂದು ಬರೆದರು. ವೆಲ್ಡಾ ನಿಧನವಾರ್ತೆಯ ಪುಟಗಳನ್ನೇ ಹುಡುಕಿ ಸುತ್ತಿದಳು. ಊರು ಬಿಟ್ಟವರು ಮೊದಲು ಓದುವುದು ಅದನ್ನೇ ಎಂದು ಅವಳಿಗೆ ಗೊತ್ತಿತ್ತು. ಐಡಹೋದ ಒಬ್ಬ ರೈತ, ಮೇಲೆ ‘ಟ್ರ್ಯಾಕ್ಟರ್ ಬಿಡಿಭಾಗ’ ಎಂದು ಬರೆಯಿರಿ, ಇನ್ನೊಂದು ತಟ್ಟೆ ಬಂತೆಂದು ಹೆಂಡತಿಗೆ ತಿಳಿದರೆ ನಾನು ಕೊಟ್ಟಿಗೆಯಲ್ಲಿ ಮಲಗಬೇಕಾಗುತ್ತದೆ ಎಂದ. ಬರೆದಳು. ತಿಂಗಳು ಕಳೆಯುವಷ್ಟರಲ್ಲಿ ಅದೇ ವಿಳಾಸದಿಂದ ಆ ಹೆಂಡತಿಯೇ ಎರಡು ತಟ್ಟೆ ತರಿಸಿ, ಮೇಲೆ ‘ಹೊಲಿಗೆ ದಾರ’ ಎಂದು ಬರೆಯಿರಿ ಅಂದಳು. ಅದನ್ನೂ ಬರೆದಳು. ಇಬ್ಬರಿಗೂ ತುಟಿ ಪಿಟಕ್ಕೆನ್ನಲಿಲ್ಲ.

ಎರಡು ವರ್ಷದ ಹಿಂದೆ ಆರ್ಡಿತ್‌ಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಕಾಲು ಹೇಗೋ ತಿರುಗಿ ಬಂತು, ಬಲಗೈ ಮಾತ್ರ ಹೋದದ್ದು ಹೋಯಿತು. ವೆಲ್ಡಾ ಅಕ್ಕನನ್ನು ತನ್ನ ಮನೆಗೆ ಕರೆತಂದಳು. ಮಾಂಸ ಕತ್ತರಿಸಿ ಕೊಡುವವಳು ಅವಳೇ, ಕಾಲುಚೀಲ ಹಾಕುವವಳು ಅವಳೇ, ಔಷಧಿ ಡಬ್ಬಿಯ ಮುಚ್ಚಳ ತೆಗೆಯುವವಳು ಅವಳೇ. ಆರ್ಡಿತ್ ಎಡಗೈ ಚಾಚುವಷ್ಟರಲ್ಲಿ, “ಬಿಡು, ನಾನು ಮಾಡ್ತೀನಿ” ಎಂದು ಅಲ್ಲಿ ವೆಲ್ಡಾಳ ಎರಡು ಕೈ ಹಾಜರು. ಪ್ರೀತಿಯಿಂದಲೇ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಬಾಯಿ ತುಂಬ ಮಾತಾಡುತ್ತಿದ್ದ ಅಕ್ಕ ಬರಬರುತ್ತ ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಸುಮ್ಮನಾದಳು. ಕಾಯಿಲೆಯ ಸುಸ್ತು ಎಂದು ವೆಲ್ಡಾ ಅಂದುಕೊಂಡಳು.

ಅಕ್ಟೋಬರಿನ ಒಂದು ಬೆಳಿಗ್ಗೆ ನೆಬ್ರಾಸ್ಕಾದಿಂದ ಒಂದು ಬೇಡಿಕೆ ಬಂತು. ಬೇಕಾಗಿದ್ದದ್ದು ಗ್ರೇವಿ ಬಡಿಸುವ ಉದ್ದಮೂತಿಯ ಬಟ್ಟಲು, ನೀಲಿ ಹೂವಿನದು. ಆ ಬಗೆಯದು ಅವಳ ಹತ್ತಿರ ಇದ್ದದ್ದು ಒಂದೇ, ಸಿಕ್ಕಿದ್ದೂ ಮೂರು ವರ್ಷದಲ್ಲಿ ಅದೊಂದೇ. ಜೊತೆಗೆ ಈ ಸಂದೇಶ:

“ಮೇಡಂ, ಒಂದೇ ಕೈಯಲ್ಲಿ ಬಿಚ್ಚೋ ಹಾಗೆ ಪ್ಯಾಕ್ ಮಾಡೋಕಾಗುತ್ತಾ? ಪಾರ್ಶ್ವವಾಯು ಆದಮೇಲೆ ನನಗೆ ಎಡಗೈ ಮಾತ್ರ. ಕತ್ತರಿ, ಚಾಕು ಹಿಡಿಯೋಕಾಗಲ್ಲ. ಬಟ್ಟಲು ನನ್ನ ಹೆಂಡತಿ ಡೊರೀನಳ ಅಮ್ಮನದು. ತೊಳೆದುಕೊಡ್ತೀನಿ ಅಂತ ಹೋಗಿ ಒಡೆದೆ. ಪರವಾಗಿಲ್ಲ ಅಂದಳು. ಆವತ್ತಿಂದ ನನ್ನ ಕೈಗೆ ಒಂದು ಲೋಟಾನೂ ಕೊಡ್ತಿಲ್ಲ. ಗುರುವಾರ ಅವಳು ಚರ್ಚಿಗೆ ಕೌದಿ ಹೊಲಿಯೋಕೆ ಹೋಗ್ತಾಳೆ. ಅಂಚೆಯವನಿಗೆ ಹೇಳಿದೀನಿ, ಅವತ್ತೇ ತಂದುಕೊಡ್ತಾನೆ. ನಾನೇ ಬಿಚ್ಚಿ ನಾನೇ ಬೀರುವಲ್ಲಿ ಇಡಬೇಕು. ಬೇರೆ ಯಾರ ಕೈಯೂ ತಾಗಬಾರದು. ಹಾರ್ಲೆ ಬೆಂಡಿಕ್ಸ್.”

ವೆಲ್ಡಾ ಅದನ್ನು ಗಟ್ಟಿಯಾಗಿ ಓದಿ ತಲೆ ಕೆರೆದುಕೊಂಡಳು. ಸಲೀಸಾಗಿ ಬಿಚ್ಚುವ ಪೆಟ್ಟಿಗೆ ದಾರಿಯಲ್ಲೂ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ದಾರ ಕಟ್ಟೋಣವೆಂದರೆ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆಂದು ಅಂಚೆಯವರು ದಾರ ಕಟ್ಟಿದ್ದನ್ನು ಮುಟ್ಟುವುದಿಲ್ಲ. ಮಧ್ಯಾಹ್ನದವರೆಗೆ ಹಿಂದಿನ ಜಗಲಿಯ ಪ್ಯಾಕಿಂಗ್ ಮೇಜಿನ ಮುಂದೆ ಒದ್ದಾಡಿದಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಗಟ್ಟಿ ದಾರವನ್ನು ಪೆಟ್ಟಿಗೆಯ ಬಾಯಿಯ ಉದ್ದಕ್ಕೆ ಟೇಪಿನ ಅಡಿಯಲ್ಲಿ ಹಾಯಿಸುವುದು. ತುದಿಗೆ ಒಂದು ದೊಡ್ಡ ಗುಂಡಿ ಕಟ್ಟಿ ಅದನ್ನಷ್ಟೇ ಹೊರಗೆ ಬಿಡುವುದು. ಗುಂಡಿ ಹಿಡಿದು ಎಳೆದರೆ ದಾರ ಟೇಪನ್ನು ಸೀಳಿಕೊಂಡು ಬರಬೇಕು.

ಪರೀಕ್ಷೆಗೆಂದು ಏಪ್ರನ್ನಿನ ದಾರದಲ್ಲಿ ತನ್ನ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡು, ಖಾಲಿ ಪೆಟ್ಟಿಗೆಯೊಂದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಎಳೆಯತೊಡಗಿದಳು. ಪೆಟ್ಟಿಗೆ ಮೇಜಿನ ತುಂಬ ಓಡಾಡಿತು. ಅವಳೂ ಅದರ ಹಿಂದೆ ಓಡಾಡಿದಳು. ಕಿಟಕಿಯ ಕಡೆಯಿಂದ ಗೊರಗೊರ ಸದ್ದು ಬಂತು. ಮತ್ತೆ ಪಾರ್ಶ್ವವಾಯುವೇನೋ ಎಂದು ವೆಲ್ಡಾ ಗಾಬರಿಯಿಂದ ತಿರುಗಿ ನೋಡಿದರೆ, ಆರ್ಡಿತ್ ನಗುತ್ತಿದ್ದಳು.

“ಮೋಸ ಕಣೇ. ಬಲಗಡೆ ಮೊಣಕೈ ಒತ್ತಿ ಹಿಡೀತಿದೀಯ. ನಮಗೆ ಆ ಮೊಣಕೈಯೂ ಇಲ್ಲ.”

“ಹಾಗಾದ್ರೆ ನೀನೇ ಬಾ, ನೋಡೋಣ!” ವೆಲ್ಡಾ ರೇಗಿ ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಆರ್ಡಿತ್ ಎದ್ದು ಬಂದಳು. ಕೂತು, ಪೆಟ್ಟಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಗುಂಡಿಗೆ ಕೈ ಹಾಕಿದಳು. ದಾರ ಅರ್ಧಕ್ಕೆ ಬಂದು ಕೈಕೊಟ್ಟಿತು.

“ಬಿಡು, ನಾನು—”

“ಮುಟ್ಟಿದ್ರೆ ನೋಡು! ದಾರ ಸಣ್ಣದಾಯ್ತು. ಮೀನು ಹಿಡಿಯೋ ದಾರ ಹಾಕು. ಗುಂಡಿ ಬೇಡ, ಬೆರಳು ಜಾರುತ್ತೆ, ಉಂಗುರ ಹಾಕು. ಒಳಗಿನ ಕಾಗದಾನ ಸುತ್ತಬೇಡ, ಹಾಗೇ ತುರುಕು. ಸುತ್ತಿದ್ದು ಬಿಚ್ಚೋಕೆ ನಮಗೆ ಒಂದು ವಾರ ಬೇಕು.”

ಆ ದಿನ ಆರು ಪೆಟ್ಟಿಗೆ ಹಾಳಾದವು. ಏಳನೆಯದನ್ನು ಆರ್ಡಿತ್ ಯಾರ ಸಹಾಯವೂ ಇಲ್ಲದೆ ಬಿಚ್ಚಿ, ಒಳಗಿಟ್ಟಿದ್ದ ಹಳೆಯ ಲೋಟವನ್ನು ಎತ್ತಿ ಮೇಜಿನ ಮೇಲಿಟ್ಟಳು. ಅವಳ ಮುಖ ಕೆಂಪಾಗಿತ್ತು, ಹಣೆಯಲ್ಲಿ ಬೆವರಿತ್ತು. ರಾತ್ರಿ ಊಟಕ್ಕೆ ಇನ್ನೊಂದು ಸೌಟು ನೂಡಲ್ಸ್ ಹಾಕಿಸಿಕೊಂಡಳು. ವೆಲ್ಡಾ ಅಕ್ಕನ ಮುಖವನ್ನೇ ನೋಡುತ್ತ ತನ್ನ ಊಟ ಮರೆತಳು.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ನಿಜವಾದ ಪೆಟ್ಟಿಗೆ ಕಟ್ಟಿದಳು. ಮೇಲೂ ಕೆಳಗೂ ಅಂಗೈಯಗಲ ದಪ್ಪಕ್ಕೆ ಮುದುರಿದ ಕಾಗದ, ನಡುವೆ ಬಟ್ಟಲು. ಬಾಯಿಯ ಉದ್ದಕ್ಕೆ ಮೀನುದಾರ, ಅದರ ಮೇಲೆ ಟೇಪು, ತುದಿಯಲ್ಲಿ ಉಂಗುರ. ಅಂಚೆಯ ಗಾಡಿ ಬಂದು ಒಯ್ದಿತು. ಕೈ ಒರೆಸಿಕೊಳ್ಳುತ್ತ ಒಳಗೆ ಬಂದಾಗ ಆರ್ಡಿತ್ ಕೇಳಿದಳು:

“ಮೂರನೇದು ಯಾಕೆ ಹಾಕಿದೆ?”

“ಯಾವ ಮೂರನೇದು?”

“ಟೇಪು. ಮೂರು ಸಲ ಕಿರುಚಿತಲ್ಲ. ನಿನ್ನೆ ನನಗೆ ಹಾಕಿಕೊಟ್ಟಿದ್ದು ಎರಡೇ.”

ವೆಲ್ಡಾ ಕಣ್ಣು ಮುಚ್ಚಿ ನೆನೆಸಿಕೊಂಡಳು. ಉದ್ದಕ್ಕೆ ಒಂದು, ಉದ್ದಕ್ಕೆ ಇನ್ನೊಂದು. ಆಮೇಲೆ, ಅವಳ ಮನಸ್ಸು ವಿಳಾಸದ ಚೀಟಿಯ ಮೇಲಿದ್ದಾಗ, ಕೈ ತನ್ನಷ್ಟಕ್ಕೆ ತಾನು ಅಡ್ಡಕ್ಕೊಂದು ಎಳೆದು, ಅಂಗೈಯಿಂದ ಉಜ್ಜಿ ಕೂರಿಸಿಬಿಟ್ಟಿತ್ತು, ಸರಿಯಾಗಿ ಉಂಗುರದ ಮೇಲೆ. ಬರ್ನೀಸ್ ಸತ್ತು ಹನ್ನೊಂದು ವರ್ಷವಾಗಿದ್ದರೂ ಆ ಕೈಗೆ ಇನ್ನೂ ಅವಳ ಹೆದರಿಕೆ ಹೋಗಿರಲಿಲ್ಲ.

ಅಂಚೆ ಕಚೇರಿಗೆ ಓಡಿದಳು. ಚೀಲ ಆಗಲೇ ಪಿಟ್ಸ್‌ಬರ್ಗಿನ ಲಾರಿ ಹತ್ತಿತ್ತು. ತಿರುಗಿ ಬಂದು, ಕೋಟೂ ತೆಗೆಯದೆ ಅಡುಗೆಮನೆಯಲ್ಲಿ ಕೂತು ಅತ್ತಳು.

“ಗಂಡಸು ಅಷ್ಟು ಬಾಯಿಬಿಟ್ಟು ಕೇಳಿದ್ದ ಆರ್ಡಿ. ಹೆಂಡತಿ ಬರೋ ಹೊತ್ತಿಗೆ ಪೆಟ್ಟಿಗೆ ಹಿಡ್ಕೊಂಡು ಹಾಗೇ ಕೂತಿರ್ತಾನೆ. ಅವಳು ಕತ್ತರಿ ತಂದು ಕತ್ತರಿಸಿ ಕೊಡ್ತಾಳೆ. ಇನ್ನು ಜನ್ಮದಲ್ಲಿ ಅವನ ಕೈಗೆ ಏನೂ ಕೊಡಲ್ಲ.”

“ಅದು ನಿಜ” ಎಂದಳು ಆರ್ಡಿತ್. ಸಮಾಧಾನ ಹೇಳುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ.

“ಅಂಚೆಯವನ ಹತ್ರಾನೇ ಟೇಪು ಕತ್ತರಿಸಿಕೊಳ್ಳಿ ಅಂತ ಬರೀಲಾ?”

“ಬೇರೆಯವರ ಕೈ ತಾಗಬಾರದು ಅಂದಿದ್ದಾನೆ. ಓದಿದ್ದು ನೀನೇ ತಾನೆ?” ಆರ್ಡಿತ್ ಎದ್ದು ನಿಂತಳು. “ಅಳೋದು ಆಮೇಲೆ. ಅದೇ ಥರದ ಪೆಟ್ಟಿಗೆ ಇನ್ನೊಂದು ಕಟ್ಟು. ಮೂರನೇದನ್ನೂ ಹಾಕು, ನಿನ್ನ ಆ ಹಾಳು ಮೂರನೇದು. ಚೆನ್ನಾಗಿ ಉಜ್ಜಿ ಕೂರಿಸು. ಕಟ್ಟಿಕೊಟ್ಟು ನೀನು ಹೊರಗೆ ಹೋಗು.”

“ಹೊರಗೆ ಎಲ್ಲಿಗೆ?”

“ಎಲ್ಲಿಗಾದ್ರೂ. ಎಲೆ ಗುಡಿಸು ಹೋಗು.”

ವೆಲ್ಡಾ ಅಂಗಳದ ಮೇಪಲ್ ಮರದ ಎಲೆ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಒಳಗಿನಿಂದ ಏನೋ ಬಿದ್ದ ಸದ್ದು, ಆಮೇಲೆ ಬೈಗುಳ, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಳಗೆ ಹೋಗಲು ಕಾಲು ಎಷ್ಟು ಸಲ ಎದ್ದಿತೋ ಲೆಕ್ಕವಿಲ್ಲ. ಅಷ್ಟೂ ಸಲ ಪೊರಕೆಯನ್ನು ಬಿಗಿಯಾಗಿ ಹಿಡಿದು ನಿಂತಳು. ಕೊನೆಗೆ ಆರ್ಡಿತ್ ಕಿಟಕಿಯ ಗಾಜು ತಟ್ಟಿದಳು. ಅಡುಗೆಮನೆಯ ನೆಲದ ತುಂಬ ಕಾಗದ ಬಿದ್ದಿತ್ತು. ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಆರ್ಡಿತಳ ಬೆರಳ ಗಿಣ್ಣು ತರಚಿ ರಕ್ತ ಜಿನುಗಿತ್ತು, ಕಣ್ಣು ಊದಿಕೊಂಡಿತ್ತು.

“ಟ್ಯಾಬ್ಲೆಟ್ ತಾ. ನಾನೇ ಬರೀತೀನಿ. ನೀನು ಬರೆದ್ರೆ ಕ್ಷಮೆ ಕೇಳಿ ಕೇಳಿ ಪುಟ ತುಂಬಿಸ್ತೀಯ.”

ಬಲಗೈ ಹೋದಮೇಲೆ ಅವಳು ಒಂದಕ್ಷರ ಬರೆದಿರಲಿಲ್ಲ. ಹುಟ್ಟುಹಬ್ಬದ ಕಾರ್ಡುಗಳಿಗೆ ಅವಳ ಹೆಸರನ್ನೂ ವೆಲ್ಡಾಳೇ ಹಾಕುತ್ತಿದ್ದಳು. ಈಗ ಎಡಗೈಯ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿದಳು. ಮುಗಿಯುವಷ್ಟರಲ್ಲಿ ಒಲೆಯ ಮೇಲಿಟ್ಟ ಕಾಫಿ ಎರಡು ಸಲ ಆರಿತು.

“ಮಿಸ್ಟರ್ ಬೆಂಡಿಕ್ಸ್, ನಾನು ವೆಲ್ಡಾಳ ಅಕ್ಕ. ನನಗೂ ಎಡಗೈ ಒಂದೇ. ನಿಮ್ಮ ಪೆಟ್ಟಿಗೆಗೆ ನನ್ನ ತಂಗಿ ಒಂದು ಪಟ್ಟಿ ಜಾಸ್ತಿ ಹಾಕಿದಾಳೆ. ಬೇಕಂತ ಅಲ್ಲ, ಕೈ ಚಾಳಿ. ಹೀಗೆ ಮಾಡಿ. ಕುರ್ಚಿ ಗೋಡೆಗೆ ಒತ್ತಿ ಕೂತ್ಕೊಳ್ಳಿ. ಪೆಟ್ಟಿಗೆ ಮಂಡಿ ಮಧ್ಯೆ ಇರಲಿ, ಮುಂದೆ ಮೇಜಿನ ಕಾಲು ಆನಿಕೆಗೆ. ಚಾಕು ಬೇಡ, ಕೀಲಿಕೈ ತಗೊಳ್ಳಿ. ಅಡ್ಡ ಪಟ್ಟಿ ಬಾಯಿಯ ಸಂದಿ ದಾಟೋ ಕಡೆ ಕೆಳಗೆ ಟೊಳ್ಳಿದೆ, ಅಲ್ಲಿ ಚುಚ್ಚಿ. ಬಟ್ಟಲಿಗೆ ತಾಗಲ್ಲ, ಹೆದರಬೇಡಿ. ನಿಮ್ಮ ಕಡೆಗೆ ಎಳೀರಿ, ಗರಗಸದ ಥರ. ಉಂಗುರ ಬಿಟ್ಟುಕೊಳ್ಳುತ್ತೆ. ಮಧ್ಯದಲ್ಲಿ ಎರಡು ಸಲ ಅಳು ಬರುತ್ತೆ. ಬರಲಿ. ಆಗ ಕೀಲಿಕೈ ಕೆಳಗಿಡಿ, ಅತ್ತು ಮುಗಿಸಿ ಮತ್ತೆ ತಗೊಳ್ಳಿ. ನನಗೆ ಐವತ್ತು ನಿಮಿಷ ಹಿಡೀತು. ನಿಮಗೂ ಹೊತ್ತಿದೆ. ಆರ್ಡಿತ್ ಪ್ಯೂ.”

ವೆಲ್ಡಾ ಓದಿದಳು. ಅಳುವಿನ ಸಾಲನ್ನು ಎರಡು ಸಲ ಓದಿದಳು. ಆಮೇಲೆ ನೆಲದ ಮೇಲಿನ ಕಾಗದ ಹೆಕ್ಕಲು ಬಗ್ಗಿದಳು.

ಬೆಂಡಿಕ್ಸ್‌ನಿಂದ ಬಂದ ಉತ್ತರ ಇಷ್ಟೇ: “ಸರಿ ಮೇಡಂ.” ಗುರುವಾರ ಇಡೀ ದಿನ ಸುದ್ದಿಯಿಲ್ಲ. ನೆಬ್ರಾಸ್ಕಾದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎಂದು ವೆಲ್ಡಾ ಹತ್ತು ಸಲ ಹೇಳಿದಳು. ಗೊತ್ತಿದೆ ಎಂದು ಆರ್ಡಿತ್ ಹತ್ತು ಸಲವೂ ಗದರಿದಳು. ಶುಕ್ರವಾರವೂ ಇಲ್ಲ. ಶನಿವಾರ ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಟ್ಯಾಬ್ಲೆಟ್ ಟಿಂಗೆಂದಿತು. ಬರೆದವನು ಹಾರ್ಲೆ ಬೆಂಡಿಕ್ಸ್ ಅಲ್ಲ. ವೆಲ್ಡಾ ಅಕ್ಕನ ಕುರ್ಚಿಯ ಪಕ್ಕ ನಿಂತು ಗಟ್ಟಿಯಾಗಿ ಓದಿದಳು:

“ನಾನು ಡೊರೀನ್ ಬೆಂಡಿಕ್ಸ್. ಗುರುವಾರ ಸೂಜಿಡಬ್ಬಿ ಮರೆತು ಅರ್ಧ ದಾರಿಯಿಂದ ವಾಪಸ್ ಬಂದೆ. ಹಾರ್ಲೆ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದ. ಮಂಡಿ ಮಧ್ಯೆ ಪೆಟ್ಟಿಗೆ, ಕೈಯಲ್ಲಿ ಟ್ರಕ್ಕಿನ ಕೀಲಿಕೈ. ಅಳ್ತಾ ಇದ್ದ. ಬಾಗಿಲು ಅವನ ಪಕ್ಕಕ್ಕಿತ್ತು, ತಲೆ ಬಗ್ಗಿಸಿದ್ದವನು ನನ್ನನ್ನ ನೋಡಲಿಲ್ಲ. ಓಡಿ ಹೋಗಿ ಬಿಚ್ಚಿಕೊಡೋಣ ಅನ್ನಿಸ್ತು. ಅಷ್ಟರಲ್ಲಿ ಅವನು ಮೂಗು ಒರೆಸಿಕೊಂಡು ಕೀಲಿಕೈ ಮತ್ತೆ ತಗೊಂಡ. ನಾನು ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತೆ. ನಲವತ್ತು ನಿಮಿಷ ನಿಂತೆ. ನಮ್ಮದು ನಲವತ್ತಾರು ವರ್ಷದ ಸಂಸಾರ, ಇಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಬಟ್ಟಲು ಬೀರು ಸೇರಿದಮೇಲೆ ಸದ್ದಿಲ್ಲದೆ ಹೊರಗೆ ಹೋಗಿ, ಕಾರಲ್ಲಿ ಕೂತು ಅತ್ತು, ಹೊತ್ತು ಬಿಟ್ಟು ಒಳಗೆ ಬಂದೆ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ. ರಾತ್ರಿ ಅವನೇ ನಿಮ್ಮ ಅಕ್ಕನ ಪತ್ರ ಓದಿ ಹೇಳಿದ. ನಿನ್ನೆ ಪಾತ್ರೆ ತೊಳೀತೀನಿ ಅಂದ. ಕೊಟ್ಟೆ. ಪಕ್ಕದಲ್ಲೇ ನಿಂತಿದ್ದೆ, ಕೈ ಕಟ್ಟಿಕೊಂಡು. ನಿಮ್ಮ ಅಕ್ಕನ್ನ ಒಂದು ಮಾತು ಕೇಳಿ. ನಾನು ಎಷ್ಟು ದಿನ ಹೀಗೆ ನಿಂತ್ಕೋಬೇಕು?”

ವೆಲ್ಡಾ ಓದು ನಿಲ್ಲಿಸಿದಳು. ಆರ್ಡಿತ್ ಬ್ರೆಡ್ಡಿಗೆ ಸೇಬಿನ ಜಾಮು ಸವರಲು ಹೊರಟಿದ್ದಳು. ಬ್ರೆಡ್ಡು ತಟ್ಟೆಯಲ್ಲಿ ಜಾರುತ್ತಿತ್ತು.

“ಏನಂತ ಬರೀಲಿ?”

“ಅವನು ಕರೆಯೋ ತನಕ ಅಂತ ಬರಿ.”

“ಕರೀಲೇ ಇಲ್ಲ ಅಂದ್ರೆ?”

“ಕರೀಲಿಲ್ಲ ಅಂದ್ರೆ ಕೂತ್ಕೊಳ್ಳಲಿ. ಅವಳಿಗೆ ಯಾರು ನಿಂತ್ಕೋ ಅಂದೋರು? ತಲೆ ಮೇಲೆ ಯಾರಾದ್ರೂ ನಿಂತಿದ್ರೆ ಕೈ ಓಡಲ್ಲ.” ಆರ್ಡಿತ್ ತಲೆ ಎತ್ತಲಿಲ್ಲ. ದನಿ ತಗ್ಗಿಸಿ ಅಂದಳು: “ಪ್ರೀತಿ ಇದೆ ಅಂತ ನಮಗೆ ಗೊತ್ತಿರುತ್ತೆ. ಅದನ್ನೂ ಬರಿ.”

ವೆಲ್ಡಾ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿದಳು. ಆಮೇಲೆ ನೋಡಿಕೊಂಡರೆ, ಅಕ್ಕನ ಹೆಗಲ ಹತ್ತಿರ, ಕೈ ಚಾಚಿದರೆ ಚಾಕು ಸಿಗುವಷ್ಟು ಸಮೀಪದಲ್ಲಿ, ತಾನು ನಿಂತೇ ಇದ್ದಳು. ಎರಡು ವರ್ಷದಿಂದ ಪ್ರತಿ ಊಟಕ್ಕೂ ಅಲ್ಲೇ ನಿಂತಿದ್ದಳು.

ಎದುರಿನ ಕುರ್ಚಿ ಎಳೆದು ಕೂತಳು. ಕೈಗಳನ್ನು ಮೇಜಿನ ಕೆಳಗೆ ತೊಡೆಯ ಮೇಲಿಟ್ಟು, ಒಂದನ್ನು ಇನ್ನೊಂದರಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಬ್ರೆಡ್ಡು ತಟ್ಟೆಯ ಅಂಚಿಗೆ ಹೋಯಿತು, ಮೇಜಿನ ಮೇಲೆ ಬಿತ್ತು, ಮತ್ತೆ ತಟ್ಟೆಗೆ ಬಂತು. ಜಾಮು ಅರ್ಧ ಬ್ರೆಡ್ಡಿಗೆ, ಅರ್ಧ ಮೇಜುಬಟ್ಟೆಗೆ ಹತ್ತಿತು. ವೆಲ್ಡಾ ಕಾದಳು. ಆರ್ಡಿತ್ ಅವಳನ್ನು ಕರೆಯಲಿಲ್ಲ.